ಮನೆಯೊಳಗೆ ಸಾಕಿದ ಮೊಲವನ್ನು ಕೈತೋಟಕ್ಕೆ ಯಾವ ಹೊತ್ತಿನಲ್ಲಿ ಬಿಡಬೇಕು?

ಬೆಳಗ್ಗೆ ಬಿಸಿಲೇರುವ ಮೊದಲು ಅಥವಾ ಸಂಜೆ ತಂಪಾದ ಮೇಲೆ, ನೀವು ಜೊತೆಯಲ್ಲಿರುವಾಗ ಮಾತ್ರ ಬಿಡಿ. ಬೇಸಿಗೆಯ ಮಧ್ಯಾಹ್ನ ಖಂಡಿತ ಬೇಡ. ಮೊಲಕ್ಕೆ ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಅದರ ಉದ್ದ ಕಿವಿಗಳ ತೆಳು ಚರ್ಮದಡಿ ಹರಡಿರುವ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತವೆ; ಸುತ್ತಲಿನ ಗಾಳಿಯೇ ಕಾದಿದ್ದರೆ ಈ ಉಪಾಯ ಫಲಿಸದೆ, 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ, ಅಂದರೆ ನಾವು ಬೆಂಗಳೂರಿನವರು ಹಿತವೆಂದುಕೊಳ್ಳುವ ಬಿಸಿಲಿನಲ್ಲೇ, ಅದಕ್ಕೆ ತಾಪಾಘಾತವಾಗಬಹುದು. ಕಿವಿ ಮುಟ್ಟಿದರೆ ಸುಡುವಂತಿದ್ದು, ಮೊಲ ಕಾಲು ಚಾಚಿ ಮಲಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ತಕ್ಷಣ ನೆರಳಿಗೆ ಒಯ್ದು, ಕಿವಿಗಳಿಗೆ ತಣ್ಣೀರು (ಐಸ್ ನೀರಲ್ಲ) ಸವರಿ, ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಹೇಗೂ ಮೊಲ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಚುರುಕಾಗುವ ಪ್ರಾಣಿ. ಮಧ್ಯಾಹ್ನ ಅದು ನಿದ್ದೆಯನ್ನೇ ಬಯಸುತ್ತದೆ.