ಸಂಪಾದಕರ ಉತ್ತರ: ಕಾಂಡ್ಲಾ ಕಾಡಿನ ಚಿತ್ರ ಮತ್ತು ನೀರಿನ ವೇಳೆ

ಗದಗಿನ ಓದುಗ ಮಿತ್ರರಿಗೆ ನಮಸ್ಕಾರ.

ಹೊನ್ನಾವರದ ಬಳಿ ಕಾಸರಕೋಡಿನಲ್ಲಿರುವ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ವನದಲ್ಲಿ ನಡುಮಧ್ಯಾಹ್ನ ತೆಗೆದ ಚಿತ್ರಗಳನ್ನು ಕಳಿಸಿದ್ದೀರಿ. ಕಪ್ಪತಗುಡ್ಡದಲ್ಲಿ ಚೆನ್ನಾಗಿ ಬರುವ ಚಿತ್ರ ಅಲ್ಲಿ ಬಿಳಿಚಿಕೊಂಡಿದ್ದೇಕೆ, ಬೆಲೆಬಾಳುವ ಲೆನ್ಸ್ ಕೊಂಡರೆ ಸರಿಹೋದೀತೆ, ಕಂಪ್ಯೂಟರಿನಲ್ಲಿ ಸಂಜೆಯ ಆಕಾಶ ಜೋಡಿಸಿ ಕೊಟ್ಟರೆ ನಮ್ಮ ಚಿತ್ರಪುಟದಲ್ಲಿ ಅಚ್ಚಾದೀತೆ ಎಂದು ಕೇಳಿದ್ದೀರಿ. ಘಟ್ಟ ಇಳಿದು ಕರಾವಳಿಗೆ ಹೋಗುವ ನಮ್ಮ ಕಡೆಯ ಅನೇಕರಿಗೆ ಇದೇ ತೊಡಕು ಎದುರಾಗುವುದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಬಯಲುಸೀಮೆಯಲ್ಲಿ ನಾವು ಬೆಳಕಿನ ಹೊತ್ತನ್ನಷ್ಟೇ ನೋಡಿಕೊಂಡು ಹೊರಡುತ್ತೇವೆ, ಏಕೆಂದರೆ ಗುಡ್ಡ ಇದ್ದಲ್ಲೇ ಇರುತ್ತದೆ. ನದಿ ಸಮುದ್ರ ಸೇರುವ ಅಳಿವೆಯ ದಂಡೆ ಹಾಗಲ್ಲ. ಅಲ್ಲಿ ದಿನಕ್ಕೆ ಎರಡು ಸಲ ನೀರೇರಿ, ಎರಡು ಸಲ ಇಳಿದು ನೆಲದ ರೂಪವೇ ಬದಲಾಗುತ್ತದೆ. ಇಳಿತದಲ್ಲಿ ಕಾಂಡ್ಲಾದ ಊರುಗೋಲು ಬೇರುಗಳು, ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು, ಏಡಿಗಳ ಬಿಲಗಳು ಕಾಣುತ್ತವೆ. ಭರತದಲ್ಲಿ ಅವೆಲ್ಲ ಮುಳುಗಿ ಎಲೆಗಳ ಪ್ರತಿಬಿಂಬ ನೀರಿನಲ್ಲಿ ಮೂಡುತ್ತದೆ. ಈ ವೇಳೆ ದಿನವೂ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಸುಮಾರಿಗೆ ನೀರು ತುಂಬಿ ಸಂಜೆಗೆ ಇಳಿದಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಇದು ತಿರುವುಮುರುವಾಗುತ್ತದೆ. ಆದ್ದರಿಂದ ಬೇರುಗಳ ಚಿತ್ರ ಬೇಕೋ ಪ್ರತಿಬಿಂಬ ಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿ, ಪಂಚಾಂಗವನ್ನೂ ಕಾರವಾರದ ಉಬ್ಬರವಿಳಿತದ ವೇಳಾಪಟ್ಟಿಯನ್ನೂ ನೋಡಿ ದಿನ ಗೊತ್ತುಮಾಡಿಕೊಳ್ಳಿ. ನನ್ನ ಮಟ್ಟಿಗೆ ಕರಾವಳಿಯ ಭೂದೃಶ್ಯ ಛಾಯಾಗ್ರಹಣದ ಅರ್ಧ ಕೆಲಸ ಇಷ್ಟೇ.

ಚಿತ್ರ ಬಿಳಿಚಿಕೊಂಡಿದ್ದಕ್ಕೆ ಕ್ಯಾಮೆರಾ ಕಾರಣವಲ್ಲ. ಕಾಂಡ್ಲಾದ ಎಲೆ ದಪ್ಪ, ನುಣುಪು. ನೆತ್ತಿಯ ಬಿಸಿಲು ಅದರ ಮೇಲೆ ಬಿದ್ದಾಗ ಹಸಿರಿನ ಬದಲು ಬಿಳಿಯ ಹೊಳಪೇ ಲೆನ್ಸಿಗೆ ಬರುತ್ತದೆ, ಗಾಳಿಯ ತೇವ ದೂರದ ದೃಶ್ಯವನ್ನು ಮತ್ತಷ್ಟು ಮಸುಕಾಗಿಸುತ್ತದೆ. ಪೋಲರೈಸರ್ ಫಿಲ್ಟರ್ ಎಲೆ ಮತ್ತು ನೀರಿನ ಈ ಹೊಳಪನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಆದರೆ ಆಕಾಶದ ನೀಲಿ ಗಾಢವಾಗಬೇಕಾದರೆ ಸೂರ್ಯ ನಿಮ್ಮ ಬಲಕ್ಕೋ ಎಡಕ್ಕೋ ಇರಬೇಕು. ಸೂರ್ಯಾಸ್ತಕ್ಕೆ ಎದುರಾಗಿ ನಿಂತಾಗ ಆಕಾಶದ ಮೇಲೆ ಅದರ ಪರಿಣಾಮ ಅತ್ಯಲ್ಪ. ಹೊಸ ಲೆನ್ಸಿನ ಮಾತು ಸದ್ಯಕ್ಕೆ ಬಿಡಿ. ಆ ಹಣದಲ್ಲಿ ಒಂದು ಫಿಲ್ಟರ್, ಒಂದು ಗಟ್ಟಿ ಟ್ರೈಪಾಡ್ ಕೊಂಡು ಎರಡು ರಾತ್ರಿ ಹೊನ್ನಾವರದಲ್ಲಿ ತಂಗಬಹುದು. ಕಾಂಡ್ಲಾ ವನದೊಳಗಿನ ಹಲಗೆಯ ಹಾದಿಯಲ್ಲಿ ಜನ ನಡೆದಾಗ ಟ್ರೈಪಾಡ್ ಅದುರುತ್ತದೆ, ಅವರು ದಾಟುವವರೆಗೆ ಕಾಯಿರಿ. ಮುನ್ನೆಲೆ ಚೆನ್ನಾಗಿ ಸಿಗುತ್ತದೆಂದು ಕೆಸರಿಗೆ ಮಾತ್ರ ದಯವಿಟ್ಟು ಇಳಿಯಬೇಡಿ. ಆ ಮರಗಳು ಉಸಿರಾಡುವುದು ನಮ್ಮ ಕಾಲಿಗೆ ಸಿಕ್ಕಿ ಮುರಿಯುವ ಆ ಬೇರುಗಳಿಂದಲೇ.

ಆಕಾಶ ಬದಲಿಸಿದ ಚಿತ್ರವನ್ನು ನಾವು ಪ್ರಕಟಿಸುವುದಿಲ್ಲ. ಬೆಳಕು, ಬಣ್ಣಗಳನ್ನು ಹದವಾಗಿ ತಿದ್ದುವುದಕ್ಕೆ ಆಕ್ಷೇಪವಿಲ್ಲ, ಅದು ಡಾರ್ಕ್‌ರೂಮಿನ ಕಾಲದಿಂದಲೂ ನಡೆದುಬಂದದ್ದು. ಆದರೆ ಎಲೆಗಳ ನೆರಳು ನೇರ ಬುಡಕ್ಕೆ ಬಿದ್ದಿರುವಾಗ ಪಡುವಣದಲ್ಲಿ ಕೆಂಪು ಸೂರ್ಯನನ್ನು ಕೂರಿಸಿದರೆ ಅಂಥ ಹೊತ್ತು ಕಾಸರಕೋಡಿನಲ್ಲಿ ಎಂದೂ ಇರಲಿಲ್ಲ ಎಂದಾಯಿತು. ಭೂದೃಶ್ಯವನ್ನು ನಂಬಿ ನೋಡುವ ಓದುಗರಿಗೆ ನಾವು ಹಾಗೆ ಮಾಡಲಾರೆವು.

ಇನ್ನೊಂದು ಸಂಗತಿ. ನಿಮ್ಮ ಜಿಲ್ಲೆಯ ಮಾಗಡಿ ಕೆರೆಯೂ ಕುಮಟಾ ಬಳಿಯ ಅಘನಾಶಿನಿ ಅಳಿವೆಯೂ 2024ರ ಜನವರಿಯಲ್ಲಿ ಒಟ್ಟಿಗೇ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ಒಂದು ಸುಮಾರು 50 ಹೆಕ್ಟೇರಿನ ಕೆರೆ, ಇನ್ನೊಂದು 4,801 ಹೆಕ್ಟೇರಿನ ಅಳಿವೆ. ಎರಡನ್ನೂ ಒಬ್ಬರೇ ಚಿತ್ರಿಸಿದರೆ ನಮ್ಮ ಪುಟಕ್ಕೆ ಒಳ್ಳೆಯ ಜೋಡಿಯಾಗುತ್ತದೆ, ಮತ್ತು ನಿಮ್ಮಿಂದ ಅದು ಸಾಧ್ಯವೆಂದು ನನಗೆ ನಂಬಿಕೆಯಿದೆ. ನೀವು ಕೊನೆಗೆ ಲಗತ್ತಿಸಿದ, ಅಷ್ಟಾಗಿ ಮನಸ್ಸಿಗೆ ಬಂದಿಲ್ಲವೆಂದು ಬರೆದ ಚಿತ್ರವೇ ಅದಕ್ಕೆ ಆಧಾರ: ಬೇರಿನ ಅರ್ಧದವರೆಗೆ ಒಣಗಿದ ಕೆಸರಿನ ಗೆರೆ, ಅದರ ಕೆಳಗೆ ಅಂಟಿಕೊಂಡ ಸಣ್ಣ ಚಿಪ್ಪುಗಳು, ಮೇಲೆ ಸ್ವಚ್ಛ ತೊಗಟೆ. ನೀರು ಎಲ್ಲಿಯವರೆಗೆ ಏರುತ್ತದೆಂಬುದನ್ನು ಅದೊಂದೇ ಹೇಳಿಬಿಡುತ್ತದೆ. ಅದರ ಮೂಲ ಪ್ರತಿಯನ್ನು ಏನೂ ತಿದ್ದದೆ ಕಳಿಸಿಕೊಡಿ, ಮುಂದಿನ ಸಂಚಿಕೆಗೆ ಪರಿಶೀಲಿಸುತ್ತೇವೆ.

— ಸಂಪಾದಕ, ಧಾರವಾಡ