ಮೊರಾಕ್ಕೊದ ಮರಾಕೆಶ್ ಪೇಟೆಯಲ್ಲಿ ಎಷ್ಟರಿಂದ ಚೌಕಾಸಿ ಶುರು ಮಾಡಬೇಕು ಅಂತ ಕೇಳಿದವರಿಗೆ

ಹೇಳಿದ ಬೆಲೆಯ ಮೂರನೇ ಒಂದು ಭಾಗದಿಂದ ಶುರು ಮಾಡಿದರೆ ಮೋಸ ಹೋಗುವುದಿಲ್ಲ ಅಲ್ವಾ ಅಂತ ಕೇಳಿದ್ದೀರಿ. 2023ರ ಫೆಬ್ರವರಿಯಲ್ಲಿ ನಾನೂ ಇದೇ ಲೆಕ್ಕ ಇಟ್ಟುಕೊಂಡು ಮರಾಕೆಶ್‌ಗೆ ಹೋಗಿದ್ದೆ. ಲೆಕ್ಕ ಅಂದುಕೊಂಡ ಹಾಗೆಯೇ ನಡೆಯಿತು. ಆದರೂ ಮೋಸ ಹೋದೆ.

ಮೊದಲನೇ ದಿನವೇ ಆದದ್ದು. ನಾನು, ನನ್ನ ಗಂಡ ಜೆಮಾ ಎಲ್ ಫ್ನಾ ಚೌಕ ದಾಟಿ ಸೂಕ್ ಸೆಮ್ಮಾರಿನ್ ಬೀದಿಗೆ ಬಂದೆವು. ಸೂಕ್ ಅಂದರೆ ಪೇಟೆ. ಒಂದೊಂದು ಕಸುಬಿಗೆ ಒಂದೊಂದು ಸೂಕ್. ಚಪ್ಪಲಿಗೆ ಸ್ಮಾಟಾ, ಕಮ್ಮಾರರಿಗೆ ಹದ್ದಾದೀನ್, ಬಣ್ಣ ಹಾಕುವವರಿಗೆ ಸೆಬ್ಬಾಘೀನ್. ಮೇಲಿನ ಚಪ್ಪರದ ಸಂದಿಯಿಂದ ಬಿಸಿಲು ಗೆರೆ ಗೆರೆಯಾಗಿ ಬೀಳುತ್ತಿತ್ತು. ಹಿಂದಿನಿಂದ ಯಾರೋ 'ಬಲಾಕ್, ಬಲಾಕ್' ಅಂತ ಕೂಗಿದರು. ದಾರಿ ಬಿಡಿ ಅಂತ. ಸಾಮಾನು ಹೊತ್ತ ಕತ್ತೆಗೆ ಜಾಗ ಬಿಡಲು ಪಕ್ಕದ ಓಣಿಗೆ ಸರಿದೆವು. ಅಲ್ಲೇ ಆ ಅಂಗಡಿ.

ಅಂಗಡಿಯವನು ಕೂರಿಸಿದ. ಪುದೀನ ಚಹಾ ತರಿಸಿ, ಕೆಟಲ್ ಎತ್ತರಕ್ಕೆ ಹಿಡಿದು ನೊರೆ ಬರುವ ಹಾಗೆ ಸುರಿದ. ಆಮೇಲೆ ಒಂದು ಮಂಚದ ಹೊದಿಕೆ ಬಿಚ್ಚಿ ಹರಡಿದ. ಕೇಸರಿ ಬಣ್ಣ, ಅಂಚಿಗೆ ಕುಚ್ಚು, ಹಳದಿ ಬಲ್ಬಿನ ಬೆಳಕಿಗೆ ಥಳಥಳ ಅನ್ನುತ್ತಿತ್ತು. 'ಸಬ್ರಾ, ಕ್ಯಾಕ್ಟಸ್ ಸಿಲ್ಕ್' ಅಂದ. ಬಾಗಿಲ ಹತ್ತಿರ ಕುಂಡದಲ್ಲಿದ್ದ ಗಿಡದಿಂದ ಒಂದು ಎಲೆ ಚೂರು ಮುರಿದು, ಉಗುರಿನಲ್ಲಿ ಕೆರೆದು, ನಾರು ಎಳೆದು ಬೆರಳಲ್ಲಿ ಹೊಸೆದು ತೋರಿಸಿದ. ಇದರಿಂದಲೇ ಈ ರೇಷ್ಮೆ ಬರುವುದು ಅಂದ.

4,200 ದಿರ್ಹಮ್ ಅಂದ. ನಾನು 1,400 ಅಂದೆ. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ಇಲ್ಲ ಇಲ್ಲ ಅಂದ. ನಾವು ಎದ್ದೆವು. ಓಣಿ ತಿರುಗುವಷ್ಟರಲ್ಲಿ ಹುಡುಗನೊಬ್ಬ ಓಡಿ ಬಂದು ಕರೆದ. 1,500ಕ್ಕೆ ಕೊಟ್ಟ. ಆಗ ಒಂದು ದಿರ್ಹಮ್‌ಗೆ ಸುಮಾರು 8 ರೂಪಾಯಿ, ಅಂದರೆ 12,000 ರೂಪಾಯಿ. ನಾವು ಇಳಿದುಕೊಂಡಿದ್ದ ರಿಯಾದ್‌ಗೆ (ನಡುವೆ ಅಂಗಳವಿರುವ, ಅತಿಥಿಗಳಿಗೆ ಕೊಡುವ ಹಳೇ ಮನೆ) ಬರುವ ದಾರಿಯುದ್ದಕ್ಕೂ ಗಂಡನ ಹತ್ತಿರ ಒಂದೇ ಮಾತು: ಎಷ್ಟು ಇಳಿಸಿದೆ ನೋಡಿದಿರಾ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ತಪ್ಪು ಇರುವುದು ಇಲ್ಲೇ. ನಮ್ಮ ಊರು ರಾಮನಗರದ ಪಕ್ಕ. ನಮ್ಮಪ್ಪ ರೀಲರ್. ರೇಷ್ಮೆ ಗೂಡು ತಂದು, ಬೇಯಿಸಿ, ನೂಲು ತೆಗೆಯುವ ಕೆಲಸ. ಗೂಡು ಬೇಯುವ ವಾಸನೆಯಲ್ಲೇ ನಾನು ಬೆಳೆದದ್ದು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದೆ. ಅಪ್ಪ ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿ ತಳದ ಗೂಡು ಮೇಲೆ ತರುತ್ತಿದ್ದರು. ಒಂದನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಅಂತ ಕೇಳುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಬೆಲೆಯ ಮಾತು. ಮಾಲು ನೋಡುವ ಮೊದಲು ಅಪ್ಪ ಬೆಲೆ ಕೂಗಿದ್ದು ನಾನು ಒಂದು ದಿನವೂ ನೋಡಿಲ್ಲ.

ಇನ್ನೊಂದು ವಿಷಯ. ಅವನು ಮುರಿದ ಆ ಎಲೆ ಕ್ಯಾಕ್ಟಸ್ ಅಲ್ಲವೇ ಅಲ್ಲ. ಅದು ಕತ್ತಾಳೆ. ನಮ್ಮ ಹೊಲದ ಬದುವಿನ ತುಂಬ ಇದ್ದದ್ದೇ ಕತ್ತಾಳೆ. ಅದರ ನಾರಿನಿಂದ ತಾತ ದನ ಕಟ್ಟುವ ಹಗ್ಗ ಹೊಸೆಯುತ್ತಿದ್ದರು. ಆ ಹಗ್ಗ ಎಳೆದರೆ ಅಂಗೈ ಸುಲಿಯುತ್ತದೆ. ಅಂಥ ನಾರಿನಿಂದ ಜಾರುವಷ್ಟು ನುಣುಪಾದ ಬಟ್ಟೆ ಹೇಗೆ ಬರುತ್ತದೆ ಅಂತ ನನಗೆ ಒಂದು ಸಲವೂ ಅನ್ನಿಸಲಿಲ್ಲ. ರೇಷ್ಮೆ ಗೊತ್ತಿತ್ತು, ಕತ್ತಾಳೆ ಗೊತ್ತಿತ್ತು. ಅಷ್ಟು ದೂರದ ಊರಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಎರಡೇ ವಸ್ತುಗಳು ಕಣ್ಣ ಮುಂದೆ ಇದ್ದವು. ನಾನು ಎರಡನ್ನೂ ನೋಡಲಿಲ್ಲ. ಮುಟ್ಟಿದಾಗ ಬಟ್ಟೆ ತಣ್ಣಗಿತ್ತು, ತೂಕವಿತ್ತು, ಜೋತು ಬೀಳುತ್ತಿತ್ತು. ರೇಷ್ಮೆ ಹಾಗೆ ತಣ್ಣಗೇ ಉಳಿಯುವುದಿಲ್ಲ. ಕೈಯಲ್ಲಿ ಹಿಡಿದರೆ ಬೇಗ ಬೆಚ್ಚಗಾಗುತ್ತದೆ, ಹಿಡಿಯಲ್ಲಿ ಹಿಚುಕಿದರೆ ಸರ್ ಅನ್ನುತ್ತದೆ. ತೂಕ ಇದೆ ಅಂದರೆ ಒಳ್ಳೇ ಮಾಲು ಅಂದುಕೊಂಡೆ. ಯಾಕೆಂದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು 4,200, 1,400, ಮೂರನೇ ಒಂದು ಭಾಗ. ಒಂದು ಗಂಟೆ ಕೂತಿದ್ದೆ. ಆ ಒಂದು ಗಂಟೆಯಲ್ಲಿ 'ಇದು ಏನು' ಅಂತ ಕೇಳಲಿಲ್ಲ, 'ಇದು ಎಷ್ಟು' ಅಂತ ಮಾತ್ರ ಕೇಳಿದೆ.

ಗೊತ್ತಾದದ್ದು ಮೊರಾಕ್ಕೊದ ಇನ್ನೊಂದು ಊರು ಫೆಸ್‌ನಲ್ಲಿ. ಮೂರು ದಿನ ಬಿಟ್ಟು ರೈಲಿನಲ್ಲಿ ಅಲ್ಲಿಗೆ ಹೋದೆವು. ಹಳೇ ಊರಿನ ಓಣಿಯೊಂದರಲ್ಲಿ ಒಬ್ಬ ಮನುಷ್ಯ ಗೋಡೆಯುದ್ದಕ್ಕೂ ದಾರ ಎಳೆದು ಕಟ್ಟಿ, ಸಣ್ಣ ಮೋಟಾರಿನಿಂದ ಹುರಿ ಮಾಡುತ್ತಿದ್ದ. ಜೆಲ್ಲಾಬಾ, ಕಫ್ತಾನ್ ಅನ್ನುವ ಅಲ್ಲಿನ ಉದ್ದ ನಿಲುವಂಗಿಗಳ ಅಂಚಿಗೆ ಹೊಲಿಯುವ ದಾರ ಅದು. ನಮ್ಮ ಮನೆಯ ಹುರಿ ಮಾಡುವ ಕೆಲಸ ನೆನಪಾಗಿ ನಿಂತು ನೋಡಿದೆ. ಅವನ ಹತ್ತಿರ ಉಂಡೆ ಉಂಡೆ ಬಣ್ಣದ ದಾರ ಇತ್ತು, ಅದೇ ಹೊಳಪು. ಸಬ್ರಾ ತಾನೆ, ಕತ್ತಾಳೆಯದ್ದು ತಾನೆ ಅಂತ ಕೈಸನ್ನೆಯಲ್ಲಿ ಕೇಳಿದೆ. ಅವನು ನಕ್ಕು, ತಲೆ ಅಲ್ಲಾಡಿಸಿ, ಒಂದೇ ಮಾತು ಹೇಳಿದ: 'ವಿಸ್ಕೋಸ್.'

ಅವತ್ತು ರಾತ್ರಿ ರಿಯಾದ್‌ನ ಅಂಗಳದಲ್ಲಿ ಹೊದಿಕೆಯ ಕುಚ್ಚಿನಿಂದ ಎರಡು ಎಳೆ ಕಿತ್ತು ಬೆಂಕಿ ಹಚ್ಚಿದೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೆಂಕಿಯಿಂದ ಈಚೆ ತೆಗೆದರೆ ತಾನೇ ಆರಬೇಕು, ಕರಿ ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕಾಗದದ ಹಾಗೆ ಭಗ್ ಅಂತ ಹತ್ತಿಕೊಂಡಿತು, ಕೆಂಡವಾಗಿ ಕೊನೆವರೆಗೂ ಉರಿಯಿತು. ವಾಸನೆಯೂ ಕಾಗದದ್ದೇ. ವಿಸ್ಕೋಸ್ ಅಂದರೆ ಇದೇ, ಮರದ ತಿರುಳಿನಿಂದ ಮಾಡುವ ರೇಯಾನ್. ಮರುದಿನ ಅದೇ ತರಹದ ಹೊದಿಕೆಗೆ ಫೆಸ್‌ನ ಒಂದು ಅಂಗಡಿಯಲ್ಲಿ ಚೌಕಾಸಿ ಇಲ್ಲದೆಯೇ 450 ದಿರ್ಹಮ್ ಹೇಳಿದರು.

ಊರಿಗೆ ಬಂದಾಗ ಅಪ್ಪನಿಗೆ ತೋರಿಸಿದೆ. ಅವರು ಅಂಚನ್ನು ಎರಡು ಬೆರಳಲ್ಲಿ ಉಜ್ಜಿದರು. ನನ್ನ ಮುಖ ನೋಡಿದರು. 'ಬಣ್ಣ ಚೆನ್ನಾಗಿದೆ' ಅಂದರು. ಬೇರೇನೂ ಹೇಳಲಿಲ್ಲ. ದುಡ್ಡು ಹೋದದ್ದಕ್ಕಿಂತ ಅದು ಜಾಸ್ತಿ ನೋವಾಯಿತು.

ರೇಯಾನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಗ್ಗದಲ್ಲಿ ನೇಯ್ದ ಒಳ್ಳೇ ರೇಯಾನ್ ಹೊದಿಕೆಗೂ ಬೆಲೆ ಇದೆ, ನೇಯ್ದವರ ಶ್ರಮ ಇದೆ. ಅದನ್ನು ಅದರ ಹೆಸರಿನಲ್ಲೇ ಮಾರುವ ಅಂಗಡಿಗಳೂ ಬೇಕಾದಷ್ಟಿವೆ. ಒಬ್ಬನ ಸುಳ್ಳಿಗೆ ಇಡೀ ಪೇಟೆಯನ್ನು ಬೈಯಬೇಡಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮೂರನೇ ಒಂದು ಭಾಗ, ಅರ್ಧ, ಇವೆಲ್ಲ ಬಿಟ್ಟುಬಿಡಿ. ಆ ಲೆಕ್ಕ ನಿಮಗೆ ಗೊತ್ತಿದ್ದರೆ ಅಂಗಡಿಯವನಿಗೂ ಗೊತ್ತಿರುತ್ತದೆ. ನೀವು ಮೂರರಿಂದ ಭಾಗಿಸುತ್ತೀರಿ ಅಂತ ಅವನು ಮೊದಲೇ ಮೂರರಿಂದ ಗುಣಿಸಿ ಹೇಳುತ್ತಾನೆ. ಎಷ್ಟು ಇಳಿಯಿತು ಅನ್ನುವುದರಿಂದ ವಸ್ತು ಏನು ಅಂತ ಗೊತ್ತಾಗುವುದಿಲ್ಲ.

ನೀವು ಐದು ದಿನ ಇರುತ್ತೀರಿ ಅಂದಿದ್ದೀರಿ. ಮೊದಲ ಎರಡು ದಿನ ಏನೂ ಕೊಳ್ಳಬೇಡಿ. ಸುಮ್ನೆ ನೋಡಿ. ಮರಾಕೆಶ್‌ನಲ್ಲಿ ದೊರೆ ಐದನೇ ಮೊಹಮ್ಮದ್ ಅವರ ಹೆಸರಿನ ರಸ್ತೆಯಲ್ಲಿ ಎನ್ಸಾಂಬಲ್ ಆರ್ಟಿಸನಾಲ್ ಅಂತ ಸರ್ಕಾರದ ಕರಕುಶಲ ಕೇಂದ್ರ ಇದೆ. ಅಲ್ಲಿ ಕೆಲಸದವರು ಕೂತು ಮಾಡುವುದನ್ನೇ ನೋಡಬಹುದು, ಬೆಲೆಯೂ ಹೆಚ್ಚು ಕಡಿಮೆ ನಿಗದಿ. ಸೂಕ್‌ಗಿಂತ ತುಸು ಜಾಸ್ತಿ ಅನ್ನುವವರಿದ್ದಾರೆ. ಇರಲಿ. ನಿಮಗೆ ಅಲ್ಲಿ ಬೇಕಾಗಿರುವುದು ಕಣ್ಣಿನ ಅಭ್ಯಾಸ. ಆಮೇಲೆ ಹದ್ದಾದೀನ್‌ಗೆ ಹೋಗಿ ಕಬ್ಬಿಣದ ಲಾಂದ್ರ ಮಾಡುವವರನ್ನು ನೋಡಿ.

ಫೆಸ್‌ಗೂ ಹೋಗುವುದಾದರೆ ಸೆಫ್ಫಾರಿನ್ ಚೌಕ ಬಿಡಬೇಡಿ. ತಾಮ್ರ, ಹಿತ್ತಾಳೆ ಬಡಿಯುವವರ ಚೌಕ ಅದು. ನಾನು ಅಲ್ಲಿ ಅರ್ಧ ಗಂಟೆ ಕೂತು ಒಬ್ಬ ಅಜ್ಜ ತಾಮ್ರದ ಬಟ್ಟಲನ್ನು ತಿರುಗಿಸಿ ತಿರುಗಿಸಿ ಬಡಿಯುವುದನ್ನು ನೋಡಿದೆ. ಇಂಥ ಕುಶಲಕರ್ಮಿಗಳನ್ನು ಅವರು 'ಮಾಲೆಮ್' ಅಂತ ಗೌರವದಿಂದ ಕರೆಯುತ್ತಾರೆ. ನೀವೂ ಹಾಗೆಯೇ ಕರೆಯಿರಿ. ಆ ಬಟ್ಟಲಿಗೆ 40 ದಿರ್ಹಮ್ ಮಾತ್ರ ಇಳಿಸಿದರು. ಈಗಲೂ ನಮ್ಮ ಮನೆಯಲ್ಲಿ ದಿನಾ ಕೈಗೆ ಬರುವ ವಸ್ತು ಅದು. ಒಂದೊಂದು ಏಟಿನ ಗುರುತೂ ಬೆರಳಿಗೆ ಸಿಗುತ್ತದೆ.

ಬೇರೆ ಸಾಮಾನಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಉಣ್ಣೆ ಜಮಖಾನೆಗೆ ಲೈಟರ್ ಹಿಡಿದು 'ನೋಡಿ, ಉರಿಯುವುದಿಲ್ಲ' ಅಂತ ತೋರಿಸುತ್ತಾರೆ. ಉಣ್ಣೆ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ, ಅದು ನಿಜ. ಆದರೆ ಅದರಿಂದ ಜಮಖಾನೆ ಹಳೆಯದು, ಕೈಯಲ್ಲಿ ಗಂಟು ಹಾಕಿದ್ದು ಅಂತ ಸಾಬೀತಾಗುವುದಿಲ್ಲ. ಹಿಂಬದಿ ತಿರುಗಿಸಿ ಗಂಟು ನೋಡಿ. ಬೆನಿ ಔರೈನ್ ಜಮಖಾನೆ ಅಂದರೆ ಬಿಳಿ ಉಣ್ಣೆಯ ಮೇಲೆ ಕಪ್ಪು ಗೆರೆಯ ಚೌಕುಳಿ. ಮಧ್ಯ ಅಟ್ಲಾಸ್ ಬೆಟ್ಟದ ಹೆಂಗಸರ ಕೆಲಸ ಅದು. ಮಿರಿಮಿರಿ ಬಣ್ಣದ ತಜೀನ್ ಮಡಕೆ ಅಡುಗೆಗೆ ತಗೋಬೇಡಿ, ಮೆರುಗಿನಲ್ಲಿ ಸೀಸ ಇರಬಹುದು. ಅಡುಗೆಗೆ ಮೆರುಗಿಲ್ಲದ ಸಾದಾ ಮಣ್ಣಿನದ್ದು ತಂದು, ನೆನೆಸಿ, ಪಳಗಿಸಿ. ಅರ್ಗಾನ್ ಎಣ್ಣೆಯಲ್ಲಿ ಹುರಿದ ಬೀಜದ್ದು ತಿನ್ನಲು, ಹುರಿಯದ್ದು ಮೈಗೆ. ಫೆಸ್‌ನ ಶುವಾರಾ ಚರ್ಮ ಹದ ಮಾಡುವ ಜಾಗವನ್ನು ಅಂಗಡಿಗಳ ಮಹಡಿಯಿಂದ ತೋರಿಸುತ್ತಾರೆ, ವಾಸನೆಗೆ ಪುದೀನ ಕೊಡುತ್ತಾರೆ. ಪುದೀನ ಕೊಟ್ಟರು ಅಂತ ಬ್ಯಾಗು ಕೊಳ್ಳಬೇಕಿಲ್ಲ, ಸ್ವಲ್ಪ ಟಿಪ್ಸ್ ಕೊಟ್ಟು ಬನ್ನಿ. ಶುಕ್ರವಾರ ಹಳೇ ಊರಿನ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಫೆಸ್‌ನಲ್ಲಂತೂ ಜಾಸ್ತಿ. ಆ ದಿನವನ್ನು ಖರೀದಿಗೆ ಇಟ್ಟುಕೊಳ್ಳಬೇಡಿ.

ಬೆಲೆ ಕೇಳಲು 'ಬ್ಶ್‌ಹಾಲ್' ಅನ್ನುತ್ತಾರೆ. ಆ ಪದ ಕೊನೆಗೆ ಇಟ್ಟುಕೊಳ್ಳಿ. ಮೊದಲು ಮುಟ್ಟಿ, ಹಿಂದೆ ಮುಂದೆ ತಿರುಗಿಸಿ, ಯಾವುದರಿಂದ ಮಾಡಿದ್ದು ಅಂತ ಕೇಳಿ. ಸಿಲ್ಕ್ ಅಂದರೆ ಕುಚ್ಚಿನಿಂದ ಒಂದು ಎಳೆ ಕಿತ್ತು ಸುಟ್ಟು ತೋರಿಸಲು ಹೇಳಿ. ಅವನು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಅವನ ಚಹಾ ಕುಡಿದಿದ್ದರೂ ಪರವಾಗಿಲ್ಲ.