ಬೆಂಕಿಗೆ ಸುಟ್ಟ ನೋತ್ರ ದಾಮ್ ಚರ್ಚನ್ನ ಐದೂವರೆ ವರ್ಷದಲ್ಲಿ ಹೇಗೆ ರಿಪೇರಿ ಮಾಡಿದ್ರು?

ಮೊದ್ಲು ಒಂದು ವಿಷಯ, ಪೂರ್ತಿ ಚರ್ಚ್ ಸುಟ್ಟಿರ್ಲಿಲ್ಲ. 2019 ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಲ್ಲಿ ಹೋಗಿದ್ದು ಮುಖ್ಯವಾಗಿ ಓಕ್ ಮರದ ಚಾವಣಿ, ಅದ್ರ ಮೇಲಿದ್ದ ಸೀಸದ ಹೊದಿಕೆ, ಆಮೇಲೆ 19ನೇ ಶತಮಾನದಲ್ಲಿ ಕಟ್ಟಿದ್ದ ಚೂಪು ಶಿಖರ. ಅದು ಬಿದ್ದಾಗ ಕೆಳಗಿನ ಕಲ್ಲಿನ ಕಮಾನು ಅಲ್ಲಲ್ಲಿ ತೂತು ಬಿತ್ತು, ಆದ್ರೆ ಗೋಡೆ, ಮುಂದಿನ ಎರಡು ಗೋಪುರ ಉಳ್ಕೊಂಡ್ವು.

ಎಲ್ರೂ ಕಟ್ಟಿದ್ದನ್ನೇ ಹೊಗಳ್ತಾರೆ, ನನ್ ಪ್ರಕಾರ ನಿಜವಾದ ಕಷ್ಟ ಅದಕ್ಕಿಂತ ಮುಂಚಿಂದು. ಬೆಂಕಿಗೆ ಮೊದ್ಲೇ ಬೇರೆ ರಿಪೇರಿಗೆ ಅಂತ ಹಾಕಿದ್ದ ಕಬ್ಬಿಣದ ಸಾರುವೆ ಕಾವಿಗೆ ಬೆಸ್ಕೊಂಡು ಮುದ್ದೆ ಆಗಿತ್ತು, ಸುಮಾರು 40,000 ತುಂಡು, ಒಂದು ತಪ್ಪಾಗಿ ಎಳೆದ್ರೂ ಕಟ್ಟಡ ಕುಸಿಯೋ ಭಯ, ಹಂಗಾಗಿ ಕೆಲಸಗಾರರು ಹಗ್ಗದಲ್ಲಿ ನೇತಾಡ್ಕೊಂಡು ಕತ್ತರಿಸಿ ಕತ್ತರಿಸಿ ತೆಗೆದ್ರು, 2020ರ ನವೆಂಬರ್ ತನಕ ಇದೇ ಆಯ್ತು. ಸೀಸದ ಧೂಳಿನ ಕಾಟ ಬೇರೆ. ಸುಮಾರು 8,000 ಕೊಳವೆ ಇರೋ ಆರ್ಗನ್ ಅನ್ನೋ ದೊಡ್ಡ ಸಂಗೀತ ವಾದ್ಯ ಸುಟ್ಟಿರ್ಲಿಲ್ಲ, ಆದ್ರೂ ಆ ಧೂಳು ಕೂತಿದ್ರಿಂದ ಬಿಚ್ಚಿ ಕ್ಲೀನ್ ಮಾಡ್ಬೇಕಾಯ್ತು.

ಶಿಖರ ಮಾಡರ್ನ್ ಆಗಿರ್ಲಿ ಅಂತ ದೊಡ್ಡ ಜಗಳಾನೇ ನಡೀತು, ಕೊನೆಗೆ 2020ರಲ್ಲಿ ಹಳೇದ್ರ ಥರಾನೇ ಅಂತ ತೀರ್ಮಾನ ಆಯ್ತು (ಸದ್ಯ!). ಸುಮಾರು 2,000 ಓಕ್ ಮರ ಕಡಿದ್ರು, ಚಾವಣಿ ತೊಲೆಗಳನ್ನ ಈ ಕಾಲದಲ್ಲೂ ಕೊಡಲೀಲೇ ಕೆತ್ತಿದ್ರು. ಅಳತೆ ಎಲ್ಲಿಂದ ಸಿಕ್ತು ಅಂದ್ರೆ, 2014ರಲ್ಲೇ ಇಬ್ರು ಆರ್ಕಿಟೆಕ್ಟ್‌ಗಳು ಆ ಮರದ ಚೌಕಟ್ಟಿನ ಡ್ರಾಯಿಂಗ್ ಮಾಡಿಟ್ಟಿದ್ರು, ಜೊತೆಗೆ ಲೇಸರ್ ಸ್ಕ್ಯಾನೂ ಇತ್ತು.

ದುಡ್ಡಿಗೆ ತೊಂದ್ರೆ ಆಗ್ಲಿಲ್ಲ, 80 ಕೋಟಿ ಯೂರೋಗಿಂತ ಜಾಸ್ತಿ ದೇಣಿಗೆ ಬಂತು. 2024 ಡಿಸೆಂಬರ್ 7ಕ್ಕೆ ಬಾಗಿಲು ತೆಗೆದ್ರು, ಹೊರಗಡೆ ಕೆಲಸ ಮಾತ್ರ ಆಮೇಲೂ ನಡೀತಾನೇ ಇತ್ತು.